ಗಾಲಿ ಕೇಳಿದವರಿಗೆ ಗಾಳಿ

ಮೊಣಕಾಲು ನೋವಿಗೆ ಡಾಕ್ಟರು ಬರೆದುಕೊಟ್ಟ ಮುಲಾಮನ್ನು ನನ್ನ ಹೆಂಡತಿ ಕಪಾಟಿನ ಮೇಲಿಟ್ಟು, ಔಡಲೆಣ್ಣೆಯನ್ನು ಒಲೆಯ ಮೇಲಿಟ್ಟಳು. ನಮ್ಮ ಮನೆಯಲ್ಲಿ ವೈದ್ಯಕೀಯ ವಿಷಯಗಳಲ್ಲಿ ಅಂತಿಮ ಆದೇಶ ಹೊರಡಿಸುವ ಅಧಿಕಾರ ಅವಳದು, ಮೇಲ್ಮನವಿಗೆ ಅವಕಾಶವಿಲ್ಲ. ಎಣ್ಣೆ ಕಾದಿತು. ದಪ್ಪನೆಯ, ಮಂಕಾದ, ಗಂಟಲಿನ ಹಿಂದೆ ಹೋಗಿ ಕೂತುಬಿಡುವ ಆ ವಾಸನೆ ಪಡಸಾಲೆಗೆ ಬಂತು. ಮೊಣಕಾಲಿಗೆ ಅದರಿಂದ ಏನು ಉಪಕಾರವಾಯಿತೋ ದೇವರೇ ಬಲ್ಲ. ನಾನು ಮಾತ್ರ ಎದ್ದು ಹೋಗಿ ಕಿಟಕಿ ತೆರೆದೆ.

ಅದು ಬಡಿಗೇರ ಕಾಕಾನ ವಾಸನೆ.

ರಾಯಚೂರಿನ ಆಚೆ, ತೆಲುಗು ಸೀಮೆಗೆ ಸೇರಿದ ಮಕ್ತಲದಲ್ಲಿ ನಮ್ಮ ಓಣಿಯ ತುದಿಗೆ ಒಂದು ಬೇವಿನ ಮರವಿತ್ತು. ಮರದ ಕೆಳಗೆ ನಾಲ್ಕು ಕಂಬ, ಕಂಬದ ಮೇಲೆ ತಗಡು. ಅದೇ ಅವರ ಕಾರ್ಖಾನೆ. ನನಗೂ ಅವರಿಗೂ ರಕ್ತಸಂಬಂಧವೇನೂ ಇರಲಿಲ್ಲ. ಓಣಿಗೆಲ್ಲ ಅವರು ಕಾಕಾ, ಅಷ್ಟೆ. ಎತ್ತಿನ ಬಂಡಿಗೆ ಗಾಲಿ ಕಟ್ಟುವುದು ಅವರ ಕಸುಬು. ನಡುವೆ ಜಾಲಿ ಕಟ್ಟಿಗೆಯ ಗಡ್ಡೆ, ಗಡ್ಡೆಗೆ ನೆಟ್ಟ ಹನ್ನೆರಡು ಅರೆಗಳು, ಸುತ್ತಲೂ ಕಟ್ಟಿಗೆಯ ಬಳೆ, ಅದರ ಮೇಲೆ ಕಾಯಿಸಿ ಬಿಗಿದ ಕಬ್ಬಿಣದ ಹಳಿ. ಔಡಲೆಣ್ಣೆಗೆ ದೀಪದ ಮಸಿ ಕಲಸಿ ಅಚ್ಚಿಗೆ ಹಚ್ಚುತ್ತಿದ್ದರು. ಅದು ಅವರ ಉಗುರಿಗೆ, ಧೋತರಕ್ಕೆ, ಕೊನೆಗೆ ಅವರು ಕುಡಿಯುವ ಚಹಾದ ಲೋಟಕ್ಕೂ ಹತ್ತಿರುತ್ತಿತ್ತು. ಹೊಸ ಗಾಲಿಯನ್ನು ಅಚ್ಚಿಗೆ ಸೇರಿಸಿ, ಒಮ್ಮೆ ಬೀಸಿ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ಕಣ್ಣು ಮುಚ್ಚಿ ಸದ್ದು ಕೇಳುತ್ತ ಕೂರುವರು. ನಿಂತ ಮೇಲೆ ಕಣ್ಣು ತೆರೆದು ಹೇಳುವರು:

“ಓಡ್ಸೋದು ಎತ್ತಿನ ಕೆಲ್ಸ ತಮ್ಮಾ. ಛಂದಾಗಿ ನಿಂದ್ರಸೋದು ಬಡಿಗ್ಯಾನ ಕೆಲ್ಸ.”

ಆ ಮಾತಿನ ಅರ್ಥ ನನಗೆ ಆಗುವ ಹೊತ್ತಿಗೆ... ಇರಲಿ. ಕ್ರಮವಾಗಿ ಬರೆಯುತ್ತೇನೆ. ಕಡತ ಕ್ರಮವಾಗಿರಬೇಕು.

ಮೊದಲು ನನ್ನ ಪರಿಚಯ. ಭಯ ನಮ್ಮ ಮನೆತನದ ಪಿತ್ರಾರ್ಜಿತ ಆಸ್ತಿ. ನಮ್ಮಜ್ಜ ನಿಜಾಮರ ಕಾಲದ ಅಮೀನನಿಗೆ ಹೆದರಿ ಬದುಕಿದ. ನಮ್ಮಪ್ಪ ತಹಶೀಲ್ದಾರನಿಗೆ ಹೆದರಿದ. ನಾನು ಮಂಡಲ ಕಚೇರಿಯಲ್ಲಿ ಕಾರಕೂನನಾಗಿ ಸೇರಿ, ಹೆದರುವುದನ್ನು ಒಂದು ವ್ಯವಸ್ಥಿತ ಪದ್ಧತಿಗೆ ತಂದೆ: ಮೇಲಿನವರಿಗೆ ಹುದ್ದೆಯ ಪ್ರಕಾರ, ಕೆಳಗಿನವರಿಗೆ ಸಂದರ್ಭದ ಪ್ರಕಾರ, ಕಂದು ಬಣ್ಣದ ಲಕೋಟೆಗಳಿಗೆ ಯಾವ ಕಾರಣವೂ ಇಲ್ಲದೆ.

ಆಗಿನ್ನೂ ನಮ್ಮದು ಮಹಬೂಬನಗರ ಜಿಲ್ಲೆ. ಒಂದು ಬೇಸಿಗೆ, ದೂರದ ಯಾವುದೋ ಮರುಭೂಮಿಯಲ್ಲಿ ಯಾರೋ ಯಾರ ಮೇಲೋ ದಂಡೆತ್ತಿ ಹೋದರು. ಮಕ್ತಲದಲ್ಲಿ ಡೀಸೆಲ್ ಸಿಗದಂತಾಯಿತು. ಪಂಪಿನ ಮುಂದೆ ಡಬ್ಬಿಗಳ ಸಾಲು. ಡಬ್ಬಿಯೊಳಗೆ ಒಂದು ಕಲ್ಲಿಟ್ಟು, ಅದೇ ತನ್ನ ಅಧಿಕೃತ ಪ್ರತಿನಿಧಿಯೆಂದು ಸಾರಿ, ಮಂದಿ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಮೊದಲ ವಾರ ಇದೊಂದು ತಮಾಷೆಯಾಗಿತ್ತು. ಎರಡನೆಯ ವಾರ ಹಿಟ್ಟಿನ ಗಿರಣಿ ನಿಂತಿತು. ಚೀಲದ ತುಂಬ ಜೋಳ, ಬುಟ್ಟಿಯಲ್ಲಿ ರೊಟ್ಟಿಯಿಲ್ಲ. ಮೂರನೆಯ ವಾರ ಹೊಲದ ಇಂಜಿನ್ನುಗಳು ನಿಂತವು. ಬಾವಿಯ ನೀರು ಬಾವಿಯಲ್ಲೇ ಉಳಿಯಿತು, ಮೇಲೆ ಶೇಂಗಾ ಬಾಡಿತು. ಊರು ಒಂದು ಬಗೆಯ ಮೌನಕ್ಕೆ ಬಿದ್ದಿತು. ಎಂದೂ ಕಾಣದ ಯಾರದೋ ಕೈಯಲ್ಲಿರುವ ಒಂದು ನಲ್ಲಿಗೆ ನಮ್ಮೆಲ್ಲರ ರೊಟ್ಟಿ ಕಟ್ಟಿಹಾಕಿದೆ ಎಂದು ಅಂದು ಮೊದಲ ಸಲ ತಿಳಿಯಿತು. ಆ ಮೌನ ನನಗೆ ಇಂದಿಗೂ ಕೇಳಿಸುತ್ತದೆ...

ಆ ಹೆದರಿಕೆಯಲ್ಲೇ ಹೈದರಾಬಾದಿನ ಒಂದು ಇಲಾಖೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು. ಡೀಸೆಲ್, ಸೀಮೆಎಣ್ಣೆ ಸುಡದೆ ನೀರೆತ್ತುವಂಥ ಹಳ್ಳಿಯ ಕೆಲಸ ನಡೆಸುವ ಹೊಸ ಉಪಾಯ ಯಾರಲ್ಲಾದರೂ ಇದ್ದರೆ ಅರ್ಜಿ ಹಾಕಬಹುದು. ಪ್ರಯೋಗ ಮಾಡಿ ನೋಡುವ ಖರ್ಚು ಸರಕಾರದ್ದು. ನಾನು ಓದಿ, ಮಡಚಿ, ದೂರ ಇಟ್ಟೆ. ಸರಕಾರ ತಾನಾಗಿ ಏನನ್ನಾದರೂ ಕೊಡುತ್ತೇನೆಂದರೆ ಬಾಗಿಲು ಹಾಕಿಕೊಳ್ಳಬೇಕು ಎಂಬುದು ನಮ್ಮಜ್ಜನ ಶಾಸನ. ಕಾಕಾನ ಅಜ್ಜ ಅಂಥದ್ದೇನನ್ನೂ ಬರೆಸಿಟ್ಟಿರಲಿಲ್ಲವೆಂದು ಕಾಣುತ್ತದೆ.

“ತಮ್ಮಾ, ಒಂದು ದರಖಾಸ್ತು ಬರದ್ ಕೊಡು,” ಎಂದರು. “ನನ್ನ ಗಾಲಿಗೆ ಡೀಸೆಲ್ ಬ್ಯಾಡ, ಚಿಮಣಿ ಎಣ್ಣಿ ಬ್ಯಾಡ ಅಂತ ಬರಿ. ಗಡ್ಡ್ಯಾಗ ಉಕ್ಕಿನ ಗುಂಡು ಕುಂದ್ರಿಸಿದ್ರ ಎರಡೆತ್ತಿನ ಕೆಲ್ಸ ಒಂದ ಎತ್ತು ಮಾಡತೈತಿ ಅಂತ ಬರಿ. ಮಂದಿ ಟ್ರ್ಯಾಕ್ಟರ್ ಮರೀತಾರ ಅಂತನೂ ಬರಿ.”

“ಅಷ್ಟು ಬರದ್ರ ಟ್ರ್ಯಾಕ್ಟರ್‌ನವ್ರು ಹೊಡೀತಾರ್ರೀ ಕಾಕಾ.”

“ಹೊಡದ್ರ ನಿನ್ನ ಹೊಡೀತಾರ. ಅಕ್ಷರ ನಿಂದೈತಲ್ಲ.”

ಅರ್ಜಿ ತೆಲುಗಿನಲ್ಲಿರಬೇಕಿತ್ತು. ಕಾಕಾಗೆ ತೆಲುಗು ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನಗೆ ಎರಡೂ ಭಾಷೆಯಲ್ಲಿ ಓದು ಬರಹ ಬರುತ್ತಿತ್ತು. ಅದೇ ಅನಾಹುತಕ್ಕೆ ಕಾರಣ. ಎರಡು ಭಾಷೆ ಬಲ್ಲವನು ಒಂದೇ ಏಟಿಗೆ ಎರಡರಲ್ಲೂ ತಪ್ಪಬಲ್ಲ. ಕನ್ನಡದಲ್ಲಿ ಬಂಡಿಗಿರುವುದು ಗಾಲಿ, ಬೀಸುವುದು ಗಾಳಿ. ತೆಲುಗಿನಲ್ಲಿ ಬೀಸುವುದಕ್ಕೇ ಗಾಲಿ ಎನ್ನುತ್ತಾರೆ. ಬಂಡಿಗಿರುವುದಕ್ಕೆ ಬೇರೆಯೇ ಹೆಸರು. ಇದು ನಮ್ಮ ಕಡೆಯ ಕೂಸಿಗೂ ಗೊತ್ತು. ಆದರೆ ಅಂದು ಕಿವಿ ಕನ್ನಡದಲ್ಲಿ ಕೇಳುತ್ತಿತ್ತು, ಕೈ ತೆಲುಗಿನಲ್ಲಿ ಬರೆಯುತ್ತಿತ್ತು. ನಡುವೆ ಕೂತು ತಪಾಸಣೆ ಮಾಡಬೇಕಾದ ಮಿದುಳು ಕಾಕಾ ತರಿಸಿದ ಚಹಾ ಕುಡಿಯುತ್ತಿತ್ತು. ಅರ್ಜಿಯುದ್ದಕ್ಕೂ ‘ಗಾಲಿ’ ಎಂದೇ ಬರೆದೆ. ಕಾಕಾ ಕೆಳಗೆ ಕನ್ನಡದಲ್ಲಿ, ಬಾಚಿಯಿಂದ ಕೆತ್ತಿದಂತೆ, ಸಹಿ ಹಾಕಿದರು. ಅವರ ಮನೆಗೆ ನಂಬರು ಇರಲಿಲ್ಲವಾದ್ದರಿಂದ ವಿಳಾಸಕ್ಕೆ ‘ಕೇರಾಫ್’ ಎಂದು ನನ್ನ ಹೆಸರನ್ನೂ ಕಚೇರಿಯನ್ನೂ ಕೊಟ್ಟೆ.

ಎರಡು ತಿಂಗಳಿಗೆ ಮಂಜೂರಾತಿ ಬಂತು. ಕಾಕಾನ ಮುಂದೆ ನಿಂತು ಗಟ್ಟಿಯಾಗಿ ಓದತೊಡಗಿದೆ. ಗಾಳಿಯ ಬಲದಿಂದ ಬಾವಿಯ ನೀರೆತ್ತುವ ಯಂತ್ರದ ಪ್ರಯೋಗಕ್ಕಾಗಿ... ಅಲ್ಲಿಗೆ ನನ್ನ ದನಿ ನಿಂತಿತು. ಒಂದು ಸಾಲು ಹಿಂದೆ ಹೋದೆ. ಮತ್ತೆ ಓದಿದೆ. ತಪ್ಪು ವಿವರ ಕೊಟ್ಟು ಸರಕಾರದ ನೆರವು ಪಡೆದರೆ ಏನೇನಾಗುತ್ತದೆ ಎಂಬ ನಿಯಮಾವಳಿ ನನಗೆ ಬಾಯಿಪಾಠವಿತ್ತು. ಅದನ್ನು ಊರಿಗೆಲ್ಲ ಹೇಳುತ್ತಿದ್ದವನೂ ನಾನೇ. ಕಾಕಾಗೆ ಜೈಲು, ನನಗೆ ಅಮಾನತ್ತು. ಅಥವಾ ನನಗೆ ಜೈಲು, ಆಮೇಲೆ ಅಮಾನತ್ತು.

“ಯಾಕ, ಬಾಯಾಗ ಹುಳ ಹೊಕ್ಕಿತೇನು?”

“ಕಾಕಾ... ನೀವು ಗಾಲಿ ಕೇಳಿದ್ರಿ. ಅವ್ರು ಗಾಳಿ ಅಂತ ತಿಳಕೊಂಡಾರ. ಹೈದರಾಬಾದಿನ ಮಂದಿ, ಓದಾಕ ತಪ್ಯಾರ.”

ಓದುವುದರಲ್ಲಿ ಯಾರೂ ತಪ್ಪಿರಲಿಲ್ಲ. ಅದು ನನ್ನ ಮೊದಲ ಸುಳ್ಳು. ಸಣ್ಣದು, ಒಂದು ಅಕ್ಷರದಷ್ಟೇ ಗಾತ್ರದ್ದು.

ಕಾಕಾ ತಲೆಯೆತ್ತಿ ಗಾಳಿಗೆ ಅಲುಗುತ್ತಿದ್ದ ಬೇವಿನ ಎಲೆಗಳನ್ನು ನೋಡಿದರು. ಆಮೇಲೆ ನಕ್ಕರು. “ಗಾಳಿ ಬೇಕಂತೇನು? ಕೊಡೋಣು. ಗಾಳಿಗೂ ಒಂದು ಗಾಲಿ ಬೇಕಲ್ಲ ತಿರಗಾಕ!”

“ವಾಪಸ್ ಕಳಿಸಿಬಿಡೋಣ್ರೀ ಕಾಕಾ. ಕೇಸ್ ಆದೀತು.”

“ನೀ ಹುಟ್ಟಿದಾಗ ಸೂಲಗಿತ್ತಿಗೆ ಹೆದರಿ ಅತ್ತಾಂವ. ಸುಮ್ಕಿರು.”

ಸುದ್ದಿ ಊರಿಗೆ ಹಬ್ಬಿತು. ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಶೇಂಗಾ ವ್ಯಾಪಾರದ ಸಾಹುಕಾರರೊಬ್ಬರು ಕಾಕಾನನ್ನು ತಡೆದು ಕೇಳಿದರು, ನಾನೂ ಅಲ್ಲೇ ಇದ್ದೆ:

“ಏನ್ ಬಡಿಗ್ಯಾ, ಸರ್ಕಾರದ ರೊಕ್ಕ ಗಾಳಿಗೆ ತೂರಾಕ ಹತ್ತೀಯಂತ?”

“ಒಂದು ಗಾಲಿಗೆ ಹನ್ನೆರಡು ಅರಿ ಬೇಕ್ರೀ ಸಾವ್ಕಾರ್ರ,” ಎಂದರು ಕಾಕಾ, ಚಹಾ ಆರಿಸುತ್ತ. “ಹನ್ನೆರಡು ಕೂಡಬೇಕಂದ್ರ ಹದಿನಾರು ಕೆತ್ತಬೇಕು. ನಾಕು ಸೀಳತಾವು. ಯಾವ ನಾಕು ಅಂತ ಮೊದ್ಲ ಗೊತ್ತಾಗಂಗಿಲ್ಲ. ಸೀಳಿದ ಅರಿಗೆ ಗಿರಾಕಿ ರೊಕ್ಕ ಕೊಡತಾನೇನು? ನೀವು ಕೊಡತೀರೇನು? ಅದನ್ನ ಹೊರಾಕ ಯಾರರೆ ದೊಡ್ಡೋರು ಬೇಕು. ಅದಕ್ಕ ಸರ್ಕಾರ ಅಂತ ಹೆಸರಿಟ್ಟಾರ.”

“ಹದಿನಾರೂ ಸೀಳಿದ್ರ?”

“ಒಲೀಗೆ ಹಾಕ್ರಿ. ಚಿಮಣಿ ಎಣ್ಣಿ ಇಲ್ದ ಚಹಾ ಆಗತೈತಿ.”

ಸುಡುವ ಎಣ್ಣೆಗೆ ಬದಲಿ ಹುಡುಕುವ ಕೆಲಸಕ್ಕೆ ಸರಕಾರ ಖರ್ಚು ಮಾಡಬೇಕೇ ಎಂಬ ಬಗ್ಗೆ ಆಮೇಲೆ ನಾನು ಬಹಳ ಓದಿದ್ದೇನೆ. ಟೀವಿಯಲ್ಲಿ ಕೋಟು ಹಾಕಿಕೊಂಡವರು ಕೈಯೆತ್ತಿ ಕೂಗಾಡುವುದನ್ನೂ ನೋಡಿದ್ದೇನೆ. ಸೀಳುವ ಅರೆಯನ್ನು ಯಾರು ಹೊರಬೇಕು ಎಂಬ ಆ ಪ್ರಶ್ನೆಯನ್ನು ದಾಟಿ ಮುಂದೆ ಹೋದವರನ್ನು ಮಾತ್ರ ಕಂಡಿಲ್ಲ.

ಯಂತ್ರ ಎದ್ದದ್ದು ಪಕ್ಕದ ನಾರ್ವ ಊರಿನ ದಾರಿಯಲ್ಲಿ, ಬೀರಪ್ಪನ ಗುಡಿಯ ಹಿಂದೆ, ಕುರುಬರು ಕುರಿಗಳಿಗೆ ನೀರು ಸೇದುವ ಬಾವಿಯ ಮೇಲೆ. ನಾಲ್ಕು ಕಾಲಿನ ಎತ್ತರದ ಅಟ್ಟ. ತುದಿಯಲ್ಲಿ ಬಂಡಿಯ ಗಾಲಿಯೇ, ಆದರೆ ಹಳಿಯಿಲ್ಲದ್ದು. ಹನ್ನೆರಡು ಅರೆಗಳಿಗೂ ಒಂದೊಂದು ತಗಡಿನ ರೆಕ್ಕೆ. ತಗಡೆಲ್ಲ ಹಳೆಯ ಸೀಮೆಎಣ್ಣೆ ಡಬ್ಬಿಗಳನ್ನು ಕತ್ತರಿಸಿದ್ದು. ಎಣ್ಣೆಯನ್ನು ಓಡಿಸಲು ಎಣ್ಣೆಯ ಡಬ್ಬಿಯನ್ನೇ ನಿಯೋಜಿಸಿದ್ದು ಆಡಳಿತದ ದೃಷ್ಟಿಯಿಂದ ನನಗೆ ಬಹಳ ಮೆಚ್ಚಿಗೆಯಾಯ್ತು. ಕುರುಬರ ಹಿರಿಯನಿಗೆ ಮೆಚ್ಚಿಗೆಯಾಗಲಿಲ್ಲ.

“ಇದು ಗಾಳಿ ತಿಂತೈತಿ. ಮೋಡನೂ ತಿಂದ್ರ ಮಳಿ ಎಲ್ಲಿಂದ ತರ್ಲಿ?”

“ನಿನ್ನ ಕುರಿ ಹುಲ್ಲು ತಿಂತಾವಲ್ಲೋ ಯಜಮಾನ, ನೆಲ ಎದ್ದು ಓಡಿಹೋಗೈತೇನು?”

ಹಿರಿಯ ತಲೆ ಕೆರೆದುಕೊಂಡ. ನೀರು ತೊಟ್ಟಿಗೆ ಬಿದ್ದ ದಿನ ಅವನೇ ಬಂದು, ಅಟ್ಟದ ನಾಲ್ಕೂ ಕಾಲಿಗೆ ಬೀರಪ್ಪನ ಬಂಡಾರದ ಅರಿಶಿನ ಬಳಿದ. ಮೊದಲ ನೀರು ತುಕ್ಕಿನ ಬಣ್ಣದ್ದು. ಕುರಿಗಳು ಮೂಸಿ ಹಿಂದೆ ಸರಿದವು. ಆಮೇಲೆ ತಿಳಿನೀರು ಬಂತು. ಯಾರೂ ಸೇದದೆ, ಯಾವ ಇಂಜಿನ್ನೂ ಕೆಮ್ಮದೆ ಬರುತ್ತಿದ್ದ ಆ ನೀರನ್ನು ಮಂದಿ ಬೊಗಸೆಯೊಡ್ಡಿ ಹಿಡಿದು ನೋಡಿದರು. ಕಾಕಾ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಅದು ನಿಲ್ಲಲಿಲ್ಲ. ಅವರು ಕಣ್ಣು ತೆರೆದಾಗ ಮುಖದಲ್ಲಿ ಸಂತೋಷದ ಜೊತೆಗೆ ಬೇರೆ ಏನೋ ಇತ್ತು.

“ಓಡತೈತಿ,” ಎಂದರು. “ನಿಂದ್ರಸೋದು ಹ್ಯಾಂಗ?”

ಹೈದರಾಬಾದಿನಿಂದ ತಪಾಸಣೆಗೆ ಒಬ್ಬ ಇಂಜಿನಿಯರಮ್ಮ ಬಂದರು. ಹಿಂದಿನ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಅವರ ಕೈಯಲ್ಲಿ ನಾನು ಬರೆದ ಅರ್ಜಿಯಿತ್ತು. ಯಂತ್ರದ ಸುತ್ತ ಎರಡು ಸುತ್ತು ಬಂದರು, ಗಡ್ಡೆ ಮುಟ್ಟಿದರು, ಬೆರಳಿನ ಔಡಲೆಣ್ಣೆ ಮೂಸಿ ನೋಡಿದರು. ಆಮೇಲೆ ಅರ್ಜಿ ಬಿಡಿಸಿ, “ಇದಿ ಎವರು ರಾಶಾರು?” ಎಂದರು. ಇದನ್ನು ಬರೆದವರು ಯಾರು?

ನಾನು ಕಾಕಾನ ಬೆನ್ನ ಹಿಂದೆ ಸರಿದೆ. ಕಾಕಾ ಹೆಮ್ಮೆಯಿಂದ ನನ್ನನ್ನು ಮುಂದಕ್ಕೆ ನೂಕಿದರು. “ಈ ತಮ್ಮಾನ ಬರದಾನ್ರೀ ಅಮ್ಮಾ. ಮುತ್ತಿನಂಥ ಅಕ್ಷರ.”

ಆಕೆ ನನ್ನ ಮುಖ ನೋಡಿದರು. ನಕ್ಕರು. ಚೀಟಿಯಲ್ಲಿ ಏನೋ ಬರೆದುಕೊಂಡರು. ಆ ನಗೆಯನ್ನು ನಾನು ಮುಂದೆ ಸಾವಿರ ಸಲ ವಿಚಾರಣೆಗೆ ಗುರಿಪಡಿಸಿದ್ದೇನೆ. ಪ್ರತಿ ಸಲವೂ ತೀರ್ಪು ಒಂದೇ: ಗೊತ್ತಾಗಿದೆ.

ಕೊನೆಗೆ ಅವರು ತಲೆಯೆತ್ತಿ ರೆಕ್ಕೆಗಳನ್ನು ನೋಡಿ ಕಾಕಾನನ್ನು ಕೇಳಿದರು: “ಬ್ರೇಕ್ ಏದಿ, ಪೆದ್ದಾಯನಾ?” ಬ್ರೇಕ್ ಎಲ್ಲಿ, ಹಿರಿಯರೇ?

ಬ್ರೇಕ್ ಇರಲಿಲ್ಲ. ಅದೇ ನನ್ನ ಚಿಂತಿ ಅಮ್ಮಾ ಎಂದು ಕಾಕಾ ತಮ್ಮ ತೆಲುಗಿನಲ್ಲಿ ಹೇಳಿದರು; ಬಂಡಿ ಇಳಿಜಾರಿಗೆ ಬಂದರೆ ಗಾಲಿಗೆ ಕಟ್ಟಿಗೆ ಒತ್ತಿ ತಡೆಯುತ್ತೇವೆ, ಇಷ್ಟು ಎತ್ತರದಲ್ಲಿ ಒತ್ತುವವರು ಯಾರು? ಕಬ್ಬಿಣದ ಬ್ರೇಕು ಬೇಕು, ಅದು ಇಲ್ಲಿಯ ಕಮ್ಮಾರನ ಕೈಯಲ್ಲಿ ಆಗುವುದಲ್ಲ. ಆಕೆ ತಲೆಯಾಡಿಸಿದರು. ಇಲಾಖೆಯಿಂದ ಕಾಗದ ಬರುತ್ತದೆ, ತುಂಬಿ ಕಳಿಸಿ, ಎರಡನೆಯ ಹಂತಕ್ಕೆ ಮಂಜೂರು ಮಾಡಿಸುತ್ತೇನೆ ಎಂದು ಹೇಳಿ ಜೀಪು ಹತ್ತಿದರು.

ತಿಂಗಳೊಪ್ಪತ್ತಿಗೆ ಲಕೋಟೆ ಬಂತು. ಕಂದು ಬಣ್ಣ. ದಪ್ಪ. ಮೇಲೆ ಕಾಕಾನ ಹೆಸರು, ಕೇರಾಫ್ ನಾನು. ಎಡಗಡೆ ಮೂಲೆಯಲ್ಲಿ ‘ವಿಷಯ: ಗಾಲಿ’ ಎಂದು ತೆಲುಗಿನಲ್ಲಿ ಬರೆದು, ಆ ಒಂದು ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೀಟು ಎಳೆದಿದ್ದರು.

ಆ ಎರಡು ಗೀಟುಗಳನ್ನು ನೋಡಿ ಲಕೋಟೆಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಫಾರಮ್ಮಾಗಿದ್ದರೆ ಕೆಂಪು ಗೀಟು ಯಾಕೆ? ಅದೇ ತಿಂಗಳು ಪಕ್ಕದ ಮಂಡಲದ ಕಾರಕೂನನೊಬ್ಬ ಅಮಾನತ್ತಾಗಿದ್ದ. ಅವನಿಗೆ ಬಂದ ಲಕೋಟೆಯೂ ದಪ್ಪವಿತ್ತಂತೆ. ನಾನು ಕಾನೂನಿನ ಪ್ರಕಾರ ಯೋಚಿಸಿದೆ. ಅನ್ಯರ ಹೆಸರಿನ ಪತ್ರ ತೆರೆದರೆ ಅಪರಾಧ. ಸರಕಾರದ ಪತ್ರ ಹರಿದು ಹಾಕಿದರೆ ಅಪರಾಧ. ತಲುಪಿಸಿದರೆ ಸರ್ವನಾಶ. ಇಟ್ಟುಕೊಂಡರೆ ಬರೀ ವಿಳಂಬ. ವಿಳಂಬವನ್ನು ನಮ್ಮ ಇಲಾಖೆ ಎಂದೂ ಅಪರಾಧವೆಂದು ಪರಿಗಣಿಸಿದ್ದಿಲ್ಲ. ಲಕೋಟೆಯನ್ನು ಮನೆಗೆ ತಂದು ಟ್ರಂಕಿನ ತಳದಲ್ಲಿ, ಹೆಂಡತಿಯ ಮದುವೆ ಸೀರೆಯ ಕೆಳಗೆ ಇಟ್ಟೆ.

ಅಂದಿನಿಂದ ಪ್ರತಿ ಶುಕ್ರವಾರ ನಾನು ಕಚೇರಿಯಿಂದ ಬರುವಾಗ ಬೇವಿನ ಮರದ ಕೆಳಗಿಂದ ದನಿ ಬರುತ್ತಿತ್ತು:

“ಪತ್ರ ಬಂತೇನ್ ತಮ್ಮಾ?”

“ಇನ್ನಾ ಇಲ್ರೀ ಕಾಕಾ.”

ಸಂಕ್ರಾಂತಿಗೆ ಎರಡನೆಯ ಲಕೋಟೆ ಬಂತು. ಅದಕ್ಕೂ ಕೆಂಪು ಗೀಟು. ಸೀರೆಯ ಕೆಳಗೆ. ಯುಗಾದಿಯ ಮುಂದೆ ಮೂರನೆಯದು. ಅದು ತೆಳ್ಳಗಿತ್ತು, ಗೀಟೂ ಇರಲಿಲ್ಲ. ಕಾಕಾ ಆ ಹೊತ್ತಿಗೆ ನನ್ನನ್ನು ಕೇಳುವುದನ್ನು ಬಿಟ್ಟು, ಬರೀ ಮುಖ ನೋಡಿ ತಲೆ ತಗ್ಗಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಬ್ರೇಕಿಗೆ ಬದಲು ಒಂದು ಹಗ್ಗ ಕಟ್ಟಿದ್ದರು. ಗಾಳಿ ಜೋರಾದರೆ ಹಗ್ಗ ಎಳೆದು ಗಾಲಿಯನ್ನು ಪಕ್ಕಕ್ಕೆ ತಿರುಗಿಸುವುದು. ಸಣ್ಣ ಗಾಳಿಗೆ ಅದು ಸಾಕಾಗುತ್ತಿತ್ತು.

ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಒಂದು ಮಧ್ಯಾಹ್ನ ಕುರುಬರ ಹಿರಿಯ ಓಡೋಡಿ ಬಂದ: ಹಗ್ಗ ಹರಿದಿದೆ, ಗಾಲಿಗೆ ಹುಚ್ಚು ಹಿಡಿದಿದೆ, ಅವನ ಸೊಸೆ ತೊಟ್ಟಿಯ ಹತ್ತಿರ ಕುರಿಗಳೊಡನೆ ಸಿಕ್ಕಿಬಿದ್ದಿದ್ದಾಳೆ. ಕಾಕಾನ ಹಿಂದೆ ನಾನೂ ಓಡಿದೆ. ಅರ್ಧ ಮೈಲಿ ದೂರಕ್ಕೇ ಆ ಸದ್ದು ಕೇಳುತ್ತಿತ್ತು. ಒಂದು ತಗಡಿನ ರೆಕ್ಕೆ ಕಿತ್ತು ಹಾರಿ, ಗುಡಿಯ ಗೋಡೆಗೆ ಕೊಡಲಿಯಂತೆ ನಾಟಿಕೊಂಡಿತ್ತು. ಸೊಸೆ ತೊಟ್ಟಿಯ ಗೋಡೆಗೆ ಒತ್ತಿಕೊಂಡು ಕುರಿಗಳ ನಡುವೆ ಕೂತಿದ್ದಳು. ಏಳಲಾರಳು, ಮೇಲೆ ಹನ್ನೊಂದು ರೆಕ್ಕೆಗಳು ಒಂದೇ ಬಿಳಿ ತಟ್ಟೆಯಾಗಿ ತಿರುಗುತ್ತಿದ್ದವು. ಅಟ್ಟದ ಕಾಲಿನ ಬಂಡಾರ ಅದುರಿ ಅದುರಿ ಉದುರುತ್ತಿತ್ತು.

ಕಾಕಾ ಒಂದು ದಪ್ಪ ಕಟ್ಟಿಗೆ ಎತ್ತಿಕೊಂಡರು. ಇಳಿಜಾರಿನಲ್ಲಿ ಬಂಡಿಗೆ ಒತ್ತುವಂಥದ್ದು.

“ಬ್ಯಾಡ್ರೀ ಕಾಕಾ!” ಎಂದೆ.

ಅವರು ಅಟ್ಟದ ಏಣಿಯ ಎರಡು ಮೆಟ್ಟಿಲು ಹತ್ತಿ ತಿರುಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹಾಸ್ಯಕ್ಕೇ ಅಂದರು ಎಂದು ನಾನು ನಂಬಿದ್ದೇನೆ. “ಆ ಪತ್ರ ಬಂದಿದ್ರ ಇಷ್ಟೊತ್ತಿಗೆ ಬ್ರೇಕ್ ಇರ್ತಿತ್ತು ನೋಡು ತಮ್ಮಾ.”

ಮೇಲೆ ಹೋಗಿ ಕಟ್ಟಿಗೆ ಒತ್ತಿದರು. ಹೊಗೆ ಬಂತು, ಔಡಲೆಣ್ಣೆ ಸುಟ್ಟ ಹೊಗೆ. ಗಾಲಿ ನಿಧಾನವಾಯಿತು... ಇನ್ನೂ ನಿಧಾನವಾಯಿತು. ಹಿರಿಯ ಕೂಗಿದ, ಸೊಸೆ ಎದ್ದು ಓಡಿ ಹೊರಬಂದಳು. ಆಗ ಕಟ್ಟಿಗೆ ಸೀಳಿತು. ಕೈ ಒಳಗೆ ಹೋಯಿತು.

ಗಾಲಿ ನಿಂತಿತು. ಛಂದಾಗಿ ಅಲ್ಲ.

ಮಹಬೂಬನಗರದ ಆಸ್ಪತ್ರೆಯಲ್ಲಿ ಬಲಗೈಯ ನಾಲ್ಕು ಬೆರಳು ತೆಗೆದರು. ಬಾಚಿ ಹಿಡಿಯುವ ಕೈ ಅದು. ಬೇವಿನ ಮರದ ಕೆಳಗೆ ತಗಡು ಸ್ವಲ್ಪ ದಿನ ಇತ್ತು, ಆಮೇಲೆ ಅದೂ ಹೋಯಿತು. ಕಾಕಾನ ಹೆಂಡತಿ ಮೊದಲೇ ತೀರಿದ್ದರು. ಮಗಳು ಗದ್ವಾಲದಲ್ಲಿ ಸೀರೆ ನೇಯುವವರ ಮನೆಗೆ ಕೊಟ್ಟವಳು, ಬಂದು ಕರೆದುಕೊಂಡು ಹೋದಳು. ಹೊರಡುವಾಗ ಕಾಕಾ ಕಟ್ಟಿಕೊಂಡದ್ದು ಒಂದು ಗಂಟು ಬಟ್ಟೆ, ಒಂದು ಬಾಚಿ. ಬಾಚಿ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಒಂದೇ ಸಲ ನೋಡಲು ಹೋದೆ. ಒಳಗೆ ಮಗ್ಗ ಕಟಕಟ ಎನ್ನುತ್ತಿತ್ತು. ಕಾಕಾ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತ ಕೂತಿದ್ದರು. ಹೇಳಿಬಿಡಬೇಕೆಂದೇ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಮೊದಲ ವಾಕ್ಯವನ್ನು ಮೂರು ರೀತಿಯಲ್ಲಿ ಸಿದ್ಧಪಡಿಸಿದ್ದೆ. ಅಷ್ಟರಲ್ಲಿ ಅವರೇ ಅಂದರು:

“ಸರ್ಕಾರ ನನ್ನ ಮರ್ತಿತು ತಮ್ಮಾ. ಮರೀಲಿ. ಅದಕ್ಕೇನ್ ನಾ ಒಬ್ನ ಮಗನೇನು?”

“ಹೌದ್ರೀ ಕಾಕಾ,” ಎಂದೆ. “ಸರ್ಕಾರ ಅಂದ್ರ ಹಂಗ ಐತಿ.”

ಮಗಳು ಕೊಟ್ಟ ಮಜ್ಜಿಗೆ ಕುಡಿದು ಮುಂದಿನ ಬಸ್ಸಿಗೆ ಬಂದುಬಿಟ್ಟೆ. ಎರಡು ವರ್ಷಕ್ಕೆ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಲಿಲ್ಲ. ಕಚೇರಿಯಲ್ಲಿ ತಪಾಸಣೆ ಇತ್ತು; ಇರದಿದ್ದರೂ ಹೋಗುತ್ತಿರಲಿಲ್ಲ.

ಈಗ ಜಿಲ್ಲೆಗಳು ಒಡೆದಿವೆ. ನಾವು ನಾರಾಯಣಪೇಟೆಗೆ ಸೇರಿದೆವು, ಕಾಕಾ ತೀರಿಕೊಂಡ ಊರು ಬೇರೆ ಜಿಲ್ಲೆಯಾಯಿತು. ಬೇಸಿಗೆ ಹೋಳಿ ಹುಣ್ಣಿಮೆಯ ದಾರಿ ಕಾಯದೆ ಮೊದಲೇ ಬಂದುಬಿಡುತ್ತದೆ. ಎಲ್ಲೋ ಯುದ್ಧವೆಂಬ ಸುದ್ದಿ ಬಂದರೆ ಪಂಪಿನ ಮುಂದೆ ಇಂದಿಗೂ ಸಾಲು ನಿಲ್ಲುತ್ತದೆ. ಡಬ್ಬಿಯ ಬದಲು ಮೋಟರ್ ಸೈಕಲ್ಲು, ಕಲ್ಲಿನ ಬದಲು ಮನುಷ್ಯರು, ಅಷ್ಟೇ ಪ್ರಗತಿ. ಆ ಸಾಲು ಕಂಡಾಗಲೆಲ್ಲ ನಿಂತ ಗಿರಣಿಯ ಮೌನ ನೆನಪಾಗುತ್ತದೆ.

ಹೆಂಡತಿ ಔಡಲೆಣ್ಣೆ ಕಾಯಿಸಿದ ಮರುದಿನ ರಾಯಚೂರು ರಸ್ತೆಯ ತಿರುವಿನಲ್ಲಿ ಒಂದು ಲಾರಿ ಸಿಕ್ಕಿಹಾಕಿಕೊಂಡಿತ್ತು. ಅದರ ಮೇಲೆ ಒಂದೇ ಒಂದು ಬಿಳಿಯ ರೆಕ್ಕೆ, ನಮ್ಮ ಓಣಿಯಷ್ಟು ಉದ್ದ. ಚಹಾ ಅಂಗಡಿಯವನು “ವಿಮಾನದ್ದೇನ್ರೀ ಸರ್ ಇದು?” ಎಂದ. “ಅಲ್ಲಪ್ಪಾ, ಗಾಳಿ ಯಂತ್ರದ್ದು,” ಎಂದೆ. ಲಾರಿಯ ಡ್ರೈವರನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಇದಕ್ಕೆ ಬ್ರೇಕ್ ಇರುತ್ತದೇನು? ಅವನು ಮುದುಕನಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ, “ಬ್ರೇಕ್ ಇಲ್ದ ಹ್ಯಾಂಗ್ರೀ ಅಜ್ಜಾರ?” ಎಂದ.

ಮನೆಗೆ ಬಂದು ಟ್ರಂಕು ತೆರೆದೆ. ಮೂರೂ ಲಕೋಟೆ ಒಡೆದೆ.

ಮೂರನೆಯದರಲ್ಲಿ ಎರಡೇ ಸಾಲು: ಉತ್ತರ ಬಾರದ ಕಾರಣ ಕಡತ ಮುಚ್ಚಲಾಗಿದೆ. ಎರಡನೆಯದು, ದಯವಿಟ್ಟು ಬೇಗ ಕಳಿಸಿ ಎಂಬ ನೆನಪೋಲೆ. ಮೊದಲನೆಯದರಲ್ಲಿ ಬ್ರೇಕಿನ ನಕ್ಷೆಯಿತ್ತು, ಎರಡನೆಯ ಹಂತದ ಫಾರಮ್ಮಿತ್ತು. ಫಾರಮ್ಮನ್ನು ಇಂಜಿನಿಯರಮ್ಮ ಪೂರ್ತಿ ತಾವೇ ತುಂಬಿದ್ದರು. ಕಾಕಾ ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತು. ಅದಕ್ಕೆ ಪಿನ್ನು ಚುಚ್ಚಿದ ಚೀಟಿಯಲ್ಲಿ ತೆಲುಗಿನ ನಾಲ್ಕು ಸಾಲು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ನಮ್ಮಮ್ಮನ ತವರು ರಾಯಚೂರು. ಗಾಲಿ ಎಂದರೇನು ಅಂತ ನನಗೆ ಅರ್ಜಿ ಓದಿದ ದಿನವೇ ಗೊತ್ತಿತ್ತು. ಆದರೂ ಮಾಡಿ ನೋಡಲಿ ಎಂದು ಮಂಜೂರಾತಿ ಕಳಿಸಿದೆ. ಬರೆದವರ ಮುಖ ನೋಡಿ ಅಂದು ನಗು ತಡೆಯಲಾಗಲಿಲ್ಲ, ಲಕೋಟೆಯ ಮೇಲಿನ ಕೆಂಪು ಗೀಟೂ ಆ ನಗುವಿನದೇ, ಕ್ಷಮಿಸಬೇಕು. ಸಹಿ ಮಾತ್ರ ಹಾಕಿಸಿ ಕಳಿಸಿ, ಆಷಾಢಕ್ಕೆ ಮುಂಚೆ.’

ನಮ್ಮಜ್ಜ, ನಮ್ಮಪ್ಪ, ನಾನು, ಮೂರು ತಲೆಮಾರು ಯಾವ ಸರಕಾರಕ್ಕೆ ಹೆದರಿದೆವೋ ಅದು ಆ ಒಂದು ಸಲ ಸೀಳುವ ಅರೆಯನ್ನು ಹೊರಲು ಹೆಗಲು ಕೊಟ್ಟು ನಿಂತಿತ್ತು. ಸೀಳಿದ್ದು ಅರೆಯಲ್ಲ, ನಡುವೆ ಕೂತಿದ್ದ ಕೇರಾಫ್.

ಕಾಕಾನ ಮಗಳು ಗದ್ವಾಲದಲ್ಲೇ ಇದ್ದಾಳೆ. ತೆಲುಗು ಚೆನ್ನಾಗಿ ಓದುತ್ತಾಳೆ. ಲಕೋಟೆಗಳು ಈಗ ಅವಳಿಗೆ ಸೇರಬೇಕಾದವು. ನಾಳೆ ಹೋಗಿ ಕೊಟ್ಟು ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಮೂರು ವಾರವಾಯಿತು. ಕಾಕಾನ ಮಗಳು ಓದುವಾಗ ನಾನು ಎದುರಿಗೆ ಕೂತಿರಬೇಕಲ್ಲ, ಅದಕ್ಕೆ ಹೆದರಿಕೆ. ಅವಳು ಏನೂ ಅನ್ನದೆ ಮಜ್ಜಿಗೆ ತಂದುಕೊಟ್ಟರೆ ಎಂಬುದು ಇನ್ನೂ ದೊಡ್ಡ ಹೆದರಿಕೆ. ವಿಳಂಬ ನಮ್ಮ ಇಲಾಖೆಯಲ್ಲಿ ಅಪರಾಧವಲ್ಲ ಎಂದು ಮೇಲೆ ಬರೆದೆ. ಅದು ಸೇವೆಯಲ್ಲಿರುವವರಿಗೆ. ನಾನು ನಿವೃತ್ತನಾಗಿ ಹನ್ನೊಂದು ವರ್ಷವಾಯಿತು.

“ಕಾಲು ಚಾಚ್ರಿ,” ಎನ್ನುತ್ತಾಳೆ ಹೆಂಡತಿ, ಬಟ್ಟಲು ಹಿಡಿದು. “ನಾಳಿ ಬಸ್ ಹತ್ತಾಕ ಬೇಕಲ್ಲ.”

ಎಣ್ಣೆಯ ವಾಸನೆ ಬರುತ್ತದೆ. ಬೇವಿನ ಮರವನ್ನು ಕಡಿದು ಎಷ್ಟೋ ವರ್ಷವಾಯಿತು. ಆದರೂ ಅದರ ಕೆಳಗಿಂದ ಯಾರೋ ತಲೆಯೆತ್ತಿ ನನ್ನ ಮುಖ ನೋಡಿದ ಹಾಗಾಗುತ್ತದೆ...

ಬಂದೈತ್ರೀ ಕಾಕಾ. ಮೂರೂ ಬಂದಾವ.